ಹಗಲು ಕುಗ್ಗುವ ದಿನಗಳಲ್ಲಿ ನಿಧಾನವಾಗಿ ಬದುಕುವುದು: ಶರತ್ಕಾಲದ ಕೊನೆಗೊಂದು ಸಮಗ್ರ ಮಾರ್ಗದರ್ಶಿ

ಹಗಲು ಚಿಕ್ಕದಾಗುತ್ತದೆ, ಮಾಡಬೇಕಾದ ಕೆಲಸದ ಪಟ್ಟಿ ಮಾತ್ರ ಅಷ್ಟೇ ಉದ್ದ ಉಳಿಯುತ್ತದೆ. ಶರತ್ಕಾಲದ ಕೊನೆಯ ವಾರಗಳಲ್ಲಿ ಕಾರಣವಿಲ್ಲದೆ ಸುಸ್ತು ಅನ್ನಿಸುವುದು ಬಹಳಷ್ಟು ಸಲ ಇದರಿಂದಲೇ. ಬೇಸಿಗೆಯಲ್ಲಿ ಸಂಜೆ ಬೇಕಾದಷ್ಟು ಬೆಳಕಿತ್ತು. ಆ ಅಭ್ಯಾಸದಲ್ಲೇ ಈಗಲೂ ಓಡುತ್ತಿರುತ್ತೇವೆ. ಕತ್ತಲಾದರೆ ಲೈಟು ಹಾಕಿಕೊಂಡು ಅದೇ ಓಟ.

ನಿಧಾನವಾಗಿ ಬದುಕುವ ಬಗ್ಗೆ ಓದಲು ಹೋದರೆ ಸಾಮಾನ್ಯವಾಗಿ ಇನ್ನೊಂದು ಪಟ್ಟಿ ಕೈಗೆ ಬರುತ್ತದೆ. ಮೇಣದಬತ್ತಿ ಹಚ್ಚಿ, ಡೈರಿ ಬರೆಯಿರಿ, ಬ್ರೆಡ್ ಮಾಡಿ, ಸ್ವೆಟರ್ ಹೆಣೆಯಿರಿ ಅಂತ. ಇರುವ ಕೆಲಸದ ಮೇಲೆ ಇವೂ ಬಂದು ಕೂತರೆ ನಿಧಾನ ಎಲ್ಲಿಂದ ಬರಬೇಕು? ನನ್ನ ಲೆಕ್ಕದಲ್ಲಿ ಮುಖ್ಯವಾದದ್ದು ಒಂದೇ. ಸೂರ್ಯ ಮುಳುಗುವ ಹೊತ್ತಿನ ಒಂದು ಗಂಟೆಯನ್ನು ಖಾಲಿ ಇಟ್ಟುಕೊಳ್ಳಿ. ಕೆಳಗಿನ ಹಂತಗಳಲ್ಲಿ ಮೊದಲ ಮೂರು ಆ ಗಂಟೆಯನ್ನು ಹೊಂದಿಸಿಕೊಳ್ಳುವುದಕ್ಕೆ. ಮಿಕ್ಕಿದ್ದರಲ್ಲಿ ಇಷ್ಟವಾದ ಒಂದೋ ಎರಡೋ ಆರಿಸಿಕೊಂಡರೆ ಸಾಕು. ಎಲ್ಲವನ್ನೂ ಮಾಡಲು ಹೊರಟರೆ ಕಥೆ ಮತ್ತೆ ಮೊದಲಿಗೇ ಬಂತು.

ಹಂತ 1: ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ, ತಿಳಿದುಕೊಳ್ಳಿ

ಮೊದಲು ನಿಮ್ಮ ಊರಿನ ಸೂರ್ಯಾಸ್ತದ ಸಮಯ ನೋಡಿ. ಫೋನಿನ ಹವಾಮಾನ ಆ್ಯಪ್‌ನಲ್ಲೇ ಇರುತ್ತದೆ. ಮುಂದಿನ ಆರು ವಾರಕ್ಕೆ, ವಾರಕ್ಕೊಂದು ದಿನದಂತೆ, ಕ್ಯಾಲೆಂಡರಿನ ಮೇಲೆ ಪೆನ್ಸಿಲಿನಲ್ಲಿ ಬರೆದಿಡಿ.

ಉತ್ತರಾರ್ಧ ಗೋಳದಲ್ಲಿ ಶರತ್ಕಾಲ ಅಂದರೆ ಸೆಪ್ಟೆಂಬರ್‌ನಿಂದ ನವೆಂಬರ್ ಅಂತ ಹವಾಮಾನ ಇಲಾಖೆಗಳು ಲೆಕ್ಕ ಹಾಕುತ್ತವೆ. ಸೂರ್ಯನ ಲೆಕ್ಕದಲ್ಲಿ ಹಗಲು-ರಾತ್ರಿ ಸಮವಾಗುವ ಸೆಪ್ಟೆಂಬರ್ 22 ಅಥವಾ 23ರಿಂದ ಅತಿ ಚಿಕ್ಕ ಹಗಲಿನ ಡಿಸೆಂಬರ್ 21 ಅಥವಾ 22ರವರೆಗೆ. ದಕ್ಷಿಣಾರ್ಧ ಗೋಳದಲ್ಲಿ ಇದೆಲ್ಲ ಆರು ತಿಂಗಳು ಆಚೀಚೆ. ಅಲ್ಲಿ ಶರತ್ಕಾಲದ ಕೊನೆ ಅಂದರೆ ಮೇ ತಿಂಗಳು, ಅತಿ ಚಿಕ್ಕ ಹಗಲು ಜೂನ್ 21ರ ಹೊತ್ತಿಗೆ.

ಹಗಲು ಎಷ್ಟು ಕುಗ್ಗುತ್ತದೆ ಅನ್ನುವುದು ನೀವು ಸಮಭಾಜಕದಿಂದ ಎಷ್ಟು ದೂರ ಇದ್ದೀರಿ ಎನ್ನುವುದರ ಮೇಲಿದೆ. 15 ಡಿಗ್ರಿ ಅಕ್ಷಾಂಶದಲ್ಲಿ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ಜಾಸ್ತಿಯೇ ಇರುತ್ತದೆ. 40 ಡಿಗ್ರಿಯಲ್ಲಿ ಅದು ಸುಮಾರು 9 ಗಂಟೆ 20 ನಿಮಿಷ. 50 ಡಿಗ್ರಿಯಲ್ಲಿ ಸುಮಾರು 8 ಗಂಟೆ. ಸಮಭಾಜಕದ ಹತ್ತಿರ ಇದ್ದರೆ ಹಗಲು ಕುಗ್ಗಿದ್ದು ಗಡಿಯಾರಕ್ಕಿಂತ ಬಿಸಿಲಿನಲ್ಲೇ ಚೆನ್ನಾಗಿ ಕಾಣುತ್ತದೆ. ಮಧ್ಯಾಹ್ನದ ಬಿಸಿಲು ಓರೆಯಾಗಿ ಮನೆಯೊಳಗೆ ಇನ್ನೂ ಆಳಕ್ಕೆ ಬಂದಿರುತ್ತದೆ.

ಕ್ಯಾಲೆಂಡರಿನಲ್ಲಿ ಬರೆದಿಟ್ಟವರಿಗೆ ಒಂದು ವಿಚಿತ್ರ ಕಾಣಿಸುತ್ತದೆ. ಸೂರ್ಯ ಎಲ್ಲಕ್ಕಿಂತ ಬೇಗ ಮುಳುಗುವುದು ಅತಿ ಚಿಕ್ಕ ಹಗಲಿನ ದಿನ ಅಲ್ಲ, ಅದಕ್ಕೆ ಮೊದಲೇ. 40 ಡಿಗ್ರಿ ಉತ್ತರದಲ್ಲಿ ಡಿಸೆಂಬರ್ ಮೊದಲ ವಾರ ಮುಗಿಯುವಷ್ಟರಲ್ಲೇ ಆ ದಿನ ಬಂದುಹೋಗುತ್ತದೆ. ಆಮೇಲೆ ಸಂಜೆ ನಿಮಿಷ ನಿಮಿಷವಾಗಿ ಹಿಗ್ಗತೊಡಗುತ್ತದೆ, ಬೆಳಗ್ಗೆ ಮಾತ್ರ ಇನ್ನೂ ತಡವಾಗುತ್ತಲೇ ಇರುತ್ತದೆ. ಭೂಮಿಯ ಓರೆ ಮತ್ತು ಅದರ ದಾರಿ ಪೂರ್ತಿ ದುಂಡಗಿಲ್ಲದಿರುವುದು ಇದಕ್ಕೆ ಕಾರಣ. ಗಡಿಯಾರದ ಮಧ್ಯಾಹ್ನಕ್ಕೂ ಸೂರ್ಯನ ಮಧ್ಯಾಹ್ನಕ್ಕೂ ಈ ವಾರಗಳಲ್ಲಿ ದಿನಾ ಸ್ವಲ್ಪ ಸ್ವಲ್ಪ ವ್ಯತ್ಯಾಸ ಬೀಳುತ್ತದೆ.

ಹಂತ 2: ಮೂರು ಕೆಲಸ ಕೈಬಿಡಿ

ನಿಧಾನದ ಬದುಕು ಎಂಬ ಮಾತು ಜಗತ್ತಿನಲ್ಲಿ ಇಷ್ಟು ಹಬ್ಬಿದ್ದರ ಹಿಂದೆ ಊಟದ ಜಗಳವೊಂದಿದೆ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಹ್ಯಾಂಬರ್ಗರ್ ಅಂಗಡಿ ಬರುವುದನ್ನು ವಿರೋಧಿಸಿ ಇಟಲಿಯ ಪತ್ರಕರ್ತ ಕಾರ್ಲೊ ಪೆಟ್ರೀನಿ ಮತ್ತು ಅವರ ಗೆಳೆಯರು ಪ್ರತಿಭಟನೆಗೆ ಇಳಿದರು. ಅದರಿಂದ ಸ್ಲೋ ಫುಡ್, ಅಂದರೆ ನಿಧಾನದ ಊಟದ ಚಳವಳಿ ಬೆಳೆಯಿತು. 1989ರಲ್ಲಿ ಪ್ಯಾರಿಸ್‌ನಲ್ಲಿ ಹಲವು ದೇಶದವರು ಸೇರಿ ಅದರ ಪ್ರಣಾಳಿಕೆಗೆ ಸಹಿ ಹಾಕಿದರು. ಬಸವನಹುಳು ಅದರ ಗುರುತು. ಅಂಗಡಿ ಬಂದೇ ಬಂತು, ಅದು ಬೇರೆ ಮಾತು. ಆದರೆ ಎಲ್ಲ ಶುರುವಾದದ್ದು ಏನನ್ನೋ ಬೇಡ ಅಂದದ್ದರಿಂದ. ನಾವೂ ಅಲ್ಲಿಂದಲೇ ಶುರು ಮಾಡೋಣ.

ಒಂದು ಹಾಳೆ ತೆಗೆದುಕೊಳ್ಳಿ. ಕಳೆದ ವಾರ ಸಂಜೆ ಐದರಿಂದ ರಾತ್ರಿ ಹತ್ತರವರೆಗೆ ಏನೇನು ಮಾಡಿದಿರಿ, ನೆನಪಾದಷ್ಟು ಬರೆಯಿರಿ. ಚೆಂದಕ್ಕೆ ಬರೆಯಬೇಕಿಲ್ಲ. "ಸುಮ್ನೆ ಫೋನು ನೋಡಿದೆ" ಅನ್ನುವುದನ್ನೂ ಸೇರಿಸಿ. ಈಗ ಒಂದೊಂದನ್ನೂ ನೋಡಿ: ಇದನ್ನು ಆರು ವಾರ ಮಾಡದಿದ್ದರೆ ಯಾರಿಗಾದರೂ ತೊಂದರೆಯಾಗುತ್ತದೆಯೇ? ಆಗುವುದಿಲ್ಲ ಅನ್ನಿಸಿದ್ದರಲ್ಲಿ ಮೂರಕ್ಕೆ ಗೆರೆ ಎಳೆಯಿರಿ.

ಯಾವುದನ್ನು ಬಿಡಬಹುದು? ಸಂಜೆ ಏಳರ ನಂತರದ ಆಫೀಸ್ ಮೇಲ್. ನೋಡುತ್ತಿದ್ದೇವೆ ಅನ್ನುವ ಒಂದೇ ಕಾರಣಕ್ಕೆ ನೋಡುತ್ತಿರುವ ಧಾರಾವಾಹಿ. ಹೋಗಲು ಮನಸ್ಸಿಲ್ಲದಿದ್ದರೂ ಹೋಗುವ ಕೂಟ. ದಿನಾ ಉಜ್ಜದಿದ್ದರೂ ನಡೆಯುವ ನೆಲ. ನಿಮ್ಮ ಪಟ್ಟಿ ಬೇರೆ ಇರುತ್ತದೆ.

ಪೂರ್ತಿ ಬಿಟ್ಟುಬಿಡುತ್ತೇನೆ ಅಂದರೆ ಮನಸ್ಸು ಒಪ್ಪುವುದಿಲ್ಲ. ಅದಕ್ಕೆ ಒಂದು ತಾರೀಖು ಹಾಕಿ. ಅತಿ ಚಿಕ್ಕ ಹಗಲಿನ ದಿನದವರೆಗೆ ಮಾತ್ರ, ಆಮೇಲೆ ಬೇಕಾದರೆ ಮತ್ತೆ ಶುರು. ಮನೆಯವರಿಗೂ ಸ್ನೇಹಿತರಿಗೂ ಮೊದಲೇ ಹೇಳಿಬಿಡಿ: "ಒಂದೂವರೆ ತಿಂಗಳು ಸಂಜೆ ಹೊತ್ತು ನಾನು ಸಿಗುವುದು ಕಷ್ಟ." ಇಷ್ಟು ಹೇಳಿದರೆ ಸಾಕು, ಕಾರಣ ಕೊಡುತ್ತ ಕೂರಬೇಕಿಲ್ಲ.

ಫೋನಿನ ವಿಷಯಕ್ಕೆ ಬಂದರೆ, ಮನೋಬಲವನ್ನು ನಂಬಬೇಡಿ. ದೂರವನ್ನು ನಂಬಿ. ಚಾರ್ಜರನ್ನು ನೀವು ಕೂರುವ ಕೋಣೆಯಿಂದ ತೆಗೆದು ಬೇರೆ ಕೋಣೆಯಲ್ಲಿಡಿ. ತುರ್ತು ಕರೆ ಬರಬಹುದು ಅನ್ನುವ ಭಯವಿದ್ದರೆ ರಿಂಗ್ ಜೋರಾಗಿಟ್ಟು, ಸಂದೇಶಗಳ ಸದ್ದು ಮಾತ್ರ ನಿಲ್ಲಿಸಿ. ಇನ್ನೊಂದು ಮಾತು. ನಿಧಾನವಾಗಿ ಬದುಕುವವರ ಚೆಂದದ ಫೋಟೊಗಳನ್ನು ರಾತ್ರಿ ಹನ್ನೊಂದರವರೆಗೆ ನೋಡುತ್ತ ಕೂರುವುದು ಈ ವಿಷಯದಲ್ಲಿ ಎಲ್ಲರೂ ಬೀಳುವ ಹಳ್ಳ. ಅವರ ಮರದ ಮೇಜು, ಉಣ್ಣೆಯ ಹೊದಿಕೆ, ಮಣ್ಣಿನ ಕಪ್ಪು ನೋಡಿ ನಮಗೂ ಬೇಕು ಅನ್ನಿಸುತ್ತದೆ. ಇಲ್ಲಿ ಹೇಳುವುದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ.

ಹಂತ 3: ಮುಸ್ಸಂಜೆಯ ಒಂದು ಗಂಟೆ

ಸೂರ್ಯಾಸ್ತಕ್ಕೆ ಇಪ್ಪತ್ತು ನಿಮಿಷ ಮೊದಲು ಶುರು ಮಾಡಿ, ಮುಳುಗಿದ ಮೇಲೆ ನಲವತ್ತು ನಿಮಿಷದವರೆಗೆ ಹಿಡಿಯಿರಿ. ಪಶ್ಚಿಮದ ಕಿಟಕಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಆಕಾಶ ಕಾಣುವ ಯಾವುದೇ ಜಾಗ ಆದೀತು. ಪೂರ್ವಕ್ಕೆ ಮುಖ ಮಾಡಿ ಕೂತವರಿಗೂ ನೋಡುವುದಕ್ಕಿದೆ. ಮೋಡವಿಲ್ಲದ ಸಂಜೆ, ಸೂರ್ಯ ಮುಳುಗಿದ ಸ್ವಲ್ಪ ಹೊತ್ತಿಗೆ ಪೂರ್ವದ ಅಂಚಿನಲ್ಲಿ ಮಂಕು ನೀಲಿಯ ಒಂದು ಪಟ್ಟಿ ಮೇಲೇರುತ್ತದೆ. ಅದು ಭೂಮಿಯದೇ ನೆರಳು. ಅದರ ಮೇಲೆ ತೆಳುವಾದ ಗುಲಾಬಿ ಪಟ್ಟಿ. ದಿನಾ ನಡೆಯುವ ಸಂಗತಿ ಇದು, ಆದರೂ ಕಂಡವರು ಕಡಿಮೆ.

ಒಳಗೆ ಲೈಟು ಹಾಕಬೇಡಿ. ಇದು ಈ ಗಂಟೆಯ ಒಂದೇ ನಿಯಮ. ಕತ್ತಲು ಮನೆಯೊಳಗೆ ತಾನಾಗಿ ಬರಲಿ. ಸೂರ್ಯ ಕ್ಷಿತಿಜಕ್ಕಿಂತ 6 ಡಿಗ್ರಿ ಕೆಳಗೆ ಇಳಿಯುವವರೆಗೆ ಹೊರಗಿನ ಬೆಳಕಿನಲ್ಲೇ ಮುಖಗಳು, ಮರಗಳು ಸ್ಪಷ್ಟವಾಗಿ ಕಾಣುತ್ತವೆ. ಸಮಭಾಜಕದ ಹತ್ತಿರ ಇದಕ್ಕೆ ಇಪ್ಪತ್ತು ನಿಮಿಷದ ಮೇಲೆ ಸ್ವಲ್ಪ ಹಿಡಿಯುತ್ತದೆ. ಉತ್ತರಕ್ಕೋ ದಕ್ಷಿಣಕ್ಕೋ ದೂರ ಹೋದಷ್ಟೂ ಹೊತ್ತು ಜಾಸ್ತಿ. ಆಮೇಲೆ ಬಣ್ಣಗಳು ಒಂದೊಂದಾಗಿ ಹೋಗುತ್ತವೆ. ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರು ಇನ್ನೂ ಸ್ವಲ್ಪ ಹೊತ್ತು ನಿಲ್ಲುತ್ತವೆ. ಮಂದ ಬೆಳಕಿನಲ್ಲಿ ಕಣ್ಣು ಕೆಲಸ ಮಾಡುವ ರೀತಿಯೇ ಬೇರೆ, ಅದಕ್ಕೇ ಹೀಗೆ. ಕೆಂಪು ಹೂವಿನ ಕುಂಡವೊಂದು ಎದುರಿದ್ದರೆ ನೀವೇ ಪರೀಕ್ಷೆ ಮಾಡಿ ನೋಡಬಹುದು.

ಈ ಹೊತ್ತಿನಲ್ಲಿ ಏನು ಮಾಡಬೇಕು? ಏನೂ ಮಾಡದಿದ್ದರೂ ಆಯಿತು. ಬಿಸಿಯಾಗಿ ಕುಡಿಯಲು ಏನಾದರೂ ಇಟ್ಟುಕೊಳ್ಳಿ. ಯಾರಾದರೂ ಜೊತೆಗಿದ್ದರೆ ಮಾತಾಡಿ. ಕತ್ತಲಲ್ಲಿ ಕೂತು ಆಡುವ ಮಾತು ಬೇರೆ ತರ ಇರುತ್ತದೆ, ಮುಖ ಕಾಣದ್ದಕ್ಕೋ ಏನೋ ಜನ ಸಲೀಸಾಗಿ ಬಾಯಿ ಬಿಡುತ್ತಾರೆ. ಮಕ್ಕಳಿದ್ದರೆ "ಮೊದಲ ನಕ್ಷತ್ರ ಯಾರಿಗೆ ಕಾಣುತ್ತದೆ" ಅನ್ನುವ ಪಂದ್ಯ ಕಟ್ಟಿ. ಬರೆಯುವುದು, ಓದುವುದು ಬೇಡ. ಅವಕ್ಕೆ ಲೈಟು ಬೇಕು.

ಮೊದಮೊದಲು ಬೇಜಾರಾಗುತ್ತದೆ. ಕೈ ತಾನಾಗಿ ಫೋನು ಹುಡುಕುತ್ತದೆ. ಅಡುಗೆ ಆಗಿಲ್ಲ, ಬಟ್ಟೆ ಮಡಚಿಲ್ಲ ಅನ್ನುವುದೆಲ್ಲ ಒಟ್ಟಿಗೇ ನೆನಪಾಗುತ್ತದೆ. ಎದ್ದು ಹೋಗಬೇಡಿ. ಆ ಚಡಪಡಿಕೆ ಇಳಿಯಲು ಸುಮಾರು ಹೊತ್ತು ಬೇಕು, ಅದಕ್ಕೇ ಹತ್ತು ನಿಮಿಷ ಅನ್ನದೆ ಒಂದು ಗಂಟೆ ಅಂದದ್ದು. ದಿನಾ ಆಗದಿದ್ದರೆ ವಾರಕ್ಕೆ ಮೂರು ದಿನ ಗಟ್ಟಿ ಮಾಡಿಕೊಳ್ಳಿ.

ಹಂತ 4: ಒಂದೇ ದಾರಿಯಲ್ಲಿ ನಡೆಯಿರಿ

ಹೊಸ ಜಾಗ ಹುಡುಕಬೇಡಿ. ಮನೆಯಿಂದ ಅರ್ಧ ಗಂಟೆಯಲ್ಲಿ ಹೋಗಿ ಬರಬಹುದಾದ ಒಂದು ದಾರಿ ಆರಿಸಿ. ಅದರಲ್ಲಿ ಒಂದಾದರೂ ದೊಡ್ಡ ಮರ ಇರಲಿ. ಋತು ಮುಗಿಯುವವರೆಗೆ ಅದೇ ದಾರಿ, ಅದೇ ಮರ. ಹೊಸ ಜಾಗದಲ್ಲಿ ಕಣ್ಣು ಎಲ್ಲವನ್ನೂ ಮೇಲೆ ಮೇಲೆ ನೋಡುತ್ತದೆ. ಪರಿಚಯದ ದಾರಿಯಲ್ಲಿ ಬದಲಾದದ್ದು ಮಾತ್ರ ಎದ್ದು ಕಾಣುತ್ತದೆ.

ಎಲೆಗಳು ಬಣ್ಣ ಬದಲಿಸುವ ಊರಾದರೆ ನಿಮಗೆ ಹಬ್ಬ. ಹಗಲು ಚಿಕ್ಕದಾಗುತ್ತ ಚಳಿ ಹೆಚ್ಚುತ್ತ ಹೋದಂತೆ ಮರ ಎಲೆಯಲ್ಲಿನ ಪತ್ರಹರಿತ್ತನ್ನು ಒಡೆದು, ಅದರಲ್ಲಿರುವ ಪೋಷಕಾಂಶವನ್ನು ರೆಂಬೆಗೆ ಎಳೆದುಕೊಳ್ಳುತ್ತದೆ. ಹಸಿರು ಹೋದಾಗ ಹಳದಿ ಕಾಣುತ್ತದೆ. ಹಳದಿ ಹೊಸದಾಗಿ ಬಂದದ್ದಲ್ಲ, ಬೇಸಿಗೆಯಿಡೀ ಹಸಿರಿನ ಕೆಳಗೇ ಇತ್ತು. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಹೆಚ್ಚಿನ ಮರಗಳು ಶರತ್ಕಾಲದಲ್ಲೇ ಹೊಸದಾಗಿ ಮಾಡುತ್ತವೆ. ಹಗಲು ಒಳ್ಳೆ ಬಿಸಿಲು, ರಾತ್ರಿ ಹಿಮ ಬೀಳದಷ್ಟು ಚಳಿ ಇದ್ದ ವರ್ಷ ಕೆಂಪು ಗಾಢವಾಗುತ್ತದೆ. ಒಂದೇ ಮರದಲ್ಲೂ ಬಿಸಿಲು ಬೀಳುವ ಕಡೆ ಕೆಂಪು ಜಾಸ್ತಿ, ನೆರಳಿನ ಕಡೆ ಹಳದಿ ಜಾಸ್ತಿ ಇರುವುದುಂಟು. ನಿಮ್ಮ ಮರವನ್ನು ಒಂದು ಸುತ್ತು ಹಾಕಿ ನೋಡಿ.

ಬಿದ್ದ ಎಲೆಯನ್ನು ಎತ್ತಿ ತೊಟ್ಟಿನ ತುದಿ ನೋಡಿ. ಹರಿದ ಹಾಗಿರುವುದಿಲ್ಲ, ನಯವಾಗಿ ಮುಚ್ಚಿಕೊಂಡಿರುತ್ತದೆ. ಎಲೆ ಬೀಳುವ ಮೊದಲೇ ಮರ ಆ ಜಾಗದಲ್ಲಿ ಒಂದು ಪದರ ಕಟ್ಟಿ ಗಾಯಕ್ಕೆ ಮುಚ್ಚಳ ಹಾಕಿರುತ್ತದೆ. ಅದೇ ರೆಂಬೆಯನ್ನು ಹತ್ತಿರದಿಂದ ನೋಡಿದರೆ ಎಲೆ ಬಿದ್ದ ಕಲೆಯ ಮೇಲೆ ಮುಂದಿನ ವಸಂತದ ಮೊಗ್ಗು ಈಗಾಗಲೇ ಕೂತಿರುತ್ತದೆ.

ನಿಮ್ಮ ಕಡೆ ಮರಗಳು ಹಸಿರಾಗೇ ಇದ್ದರೆ ನೆರಳು ನೋಡಿ. 40 ಡಿಗ್ರಿ ಅಕ್ಷಾಂಶದಲ್ಲಿ ಅತಿ ಚಿಕ್ಕ ಹಗಲಿನ ನಡುಮಧ್ಯಾಹ್ನವೂ ನಿಮ್ಮ ನೆರಳು ನಿಮ್ಮ ಎತ್ತರದ ಎರಡರಷ್ಟಿರುತ್ತದೆ, 50 ಡಿಗ್ರಿಯಲ್ಲಿ ಮೂರರಷ್ಟನ್ನೂ ದಾಟುತ್ತದೆ. ಸಮಭಾಜಕದ ಹತ್ತಿರವೂ ಬಿಸಿಲಿನ ಓರೆ ಗೊತ್ತಾಗುತ್ತದೆ. ಹುಲ್ಲು, ಒಣಗಿದ ಬೀಜದ ತೆನೆ, ಹಕ್ಕಿಗಳು, ಎಲ್ಲದರಲ್ಲೂ ಋತು ಇರುತ್ತದೆ. ಚಳಿ ದೇಶಗಳಿಂದ ಹೊರಟ ವಲಸೆ ಹಕ್ಕಿಗಳು ಬೆಚ್ಚಗಿನ ಕಡೆ ಬಂದು ಸೇರುವ ಹೊತ್ತೂ ಇದೇ. ಹಾಗಾಗಿ ನಿಮ್ಮ ದಾರಿಯಲ್ಲಿ ಒಂದಷ್ಟು ಹಕ್ಕಿ ಕಾಣೆಯಾಗಬಹುದು, ಇಲ್ಲವೇ ಹೊಸಬರು ಬಂದಿರಬಹುದು.

ಬೇಕಾದರೆ ಮರದ ಬಗ್ಗೆ ಒಂದೊಂದು ಸಾಲು ಬರೆದಿಡಿ. "ತುದಿ ಖಾಲಿ, ಕೆಳಗಿನ ಕೊಂಬೆಯಲ್ಲಿ ಇನ್ನೂ ಎಲೆ ಇದೆ" ಅನ್ನುವಷ್ಟು. ಹೆಜ್ಜೆ ಎಣಿಸುವ ಗಡಿಯಾರವನ್ನು ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ.

ಹಂತ 5: ಬೆಳಗ್ಗೆ ಹತ್ತು ನಿಮಿಷ ಹೊರಗೆ

ಸಂಜೆಗಿಂತ ಬೆಳಗ್ಗೆ ಕಡಿಮೆ ಸಮಯ ಸಾಕು. ಆಕಾಶ ತಿಳಿಯಾಗಿದ್ದು ಗಾಳಿ ಇಲ್ಲದ ರಾತ್ರಿ ಕಳೆದರೆ ಇಬ್ಬನಿ ಗ್ಯಾರಂಟಿ ಅನ್ನಬಹುದು. ನೆಲ, ಹುಲ್ಲು ತಮ್ಮ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ತಣ್ಣಗಾಗುತ್ತವೆ, ಗಾಳಿಯ ತೇವ ಅವುಗಳ ಮೇಲೆ ಹನಿಯಾಗಿ ಕೂರುತ್ತದೆ. ಮೋಡ ಮುಚ್ಚಿದ ರಾತ್ರಿ ಹೀಗಾಗುವುದು ಕಡಿಮೆ, ಏಕೆಂದರೆ ಮೋಡ ಆ ಬಿಸಿಯಲ್ಲಿ ಸುಮಾರು ಪಾಲನ್ನು ವಾಪಸ್ ಕಳಿಸುತ್ತದೆ. ಜೇಡರ ಬಲೆ ನೋಡಲು ವರ್ಷದಲ್ಲಿ ಇದಕ್ಕಿಂತ ಒಳ್ಳೆ ಕಾಲ ಇಲ್ಲ. ಬಲೆಗಳು ಬೇರೆ ಕಾಲದಲ್ಲೂ ಇರುತ್ತವೆ, ಇಬ್ಬನಿ ಕೂತಾಗ ಮಾತ್ರ ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತವೆ.

ಬೆಳಗಿನ ಬೆಳಕಿಗೆ ಇನ್ನೊಂದು ಉಪಯೋಗ ಇದೆ. ಮನೆಯೊಳಗಿನ ದೀಪದ ಬೆಳಕು ಸಾಮಾನ್ಯವಾಗಿ ಕೆಲವು ನೂರು ಲಕ್ಸ್ (ಬೆಳಕನ್ನು ಅಳೆಯುವ ಮಾನ) ಅಷ್ಟೇ. ಹೊರಗೆ ಮೋಡ ಕವಿದ ದಿನವೂ ಸಾವಿರ ಲಕ್ಸ್ ದಾಟುತ್ತದೆ, ಬಿಸಿಲಿದ್ದರೆ ಹತ್ತಾರು ಸಾವಿರ. ದೇಹದ ಗಡಿಯಾರ ಸರಿಯಾಗಿ ನಡೆಯಲು ಈ ಬೆಳಗಿನ ಬೆಳಕು ಬೇಕು. ಕಾಫಿಯೋ ಟೀಯೋ ಹೊರಗೆ ನಿಂತು ಕುಡಿದರೆ ಈ ಹಂತ ಮುಗಿಯಿತು.

ಹಂತ 6: ಮನೆಯ ಬೆಳಕನ್ನು ಇಳಿಸಿ

ಮುಸ್ಸಂಜೆಯ ಗಂಟೆ ಕಳೆದ ಮೇಲೆ ಚಾವಣಿಯ ದೊಡ್ಡ ಲೈಟನ್ನು ಒಮ್ಮೆಲೇ ಹಾಕಿದರೆ ಅಷ್ಟು ಹೊತ್ತು ಕೂತದ್ದು ವ್ಯರ್ಥವಾದ ಹಾಗೆ. ಕೆಳಮಟ್ಟದಲ್ಲಿ ಇರುವ ಒಂದೋ ಎರಡೋ ದೀಪ ಸಾಕು. ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಅಂತ ಇದ್ದರೆ ಬೆಳಕು ಹಳದಿ, 6500 ಅಂತ ಇದ್ದರೆ ನೀಲಿ ಬೆರೆತ ಬಿಳಿ. ರಾತ್ರಿ ಹೊತ್ತಿಗೆ ಮೊದಲನೆಯದು.

ಮೇಣದಬತ್ತಿ ಹಚ್ಚುವವರು ಕೆಲವನ್ನು ನೆನಪಿಡಿ. ಹಚ್ಚುವ ಮೊದಲು ಬತ್ತಿಯನ್ನು ಸುಮಾರು 6 ಮಿಲಿಮೀಟರಿಗೆ ಕತ್ತರಿಸಿದರೆ ಹೊಗೆ ಕಡಿಮೆ. ಪರದೆ, ಪುಸ್ತಕ, ಬಟ್ಟೆಯಿಂದ 30 ಸೆಂಟಿಮೀಟರಾದರೂ ದೂರ ಇರಲಿ. ಕೋಣೆ ಬಿಟ್ಟು ಎದ್ದರೆ ಆರಿಸಿಯೇ ಏಳಿ. ಇದಕ್ಕಿಂತ ಮುಖ್ಯವಾದದ್ದು ಇದ್ದಿಲಿನ ಬೆಂಕಿ. ಚಳಿ ಕಾಯಿಸಲು ಇದ್ದಿಲಿನ ಒಲೆಯನ್ನೋ ಬಾರ್ಬೆಕ್ಯೂ ತಟ್ಟೆಯನ್ನೋ ಮುಚ್ಚಿದ ಕೋಣೆಯೊಳಗೆ ಯಾವತ್ತೂ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿರುವವರು ಏಳುವುದೇ ಇಲ್ಲ.

ಹಂತ 7: ಒಂದು ಪಾತ್ರೆ, ಸಣ್ಣ ಉರಿ

ವಾರಕ್ಕೊಮ್ಮೆ ಅಡುಗೆಗೆ ಹೊತ್ತು ಕೊಡಿ. ಜಾಸ್ತಿ ಬಗೆ ಬೇಡ, ಒಂದೇ ಪಾತ್ರೆಯ ಗಟ್ಟಿ ಸೂಪು ಸಾಕು. ಇದರಲ್ಲಿ ಕೈಕೆಲಸ ಕಡಿಮೆ, ಕಾಯುವುದೇ ಜಾಸ್ತಿ. ಆ ಕಾಯುವಿಕೆಯೇ ಇಲ್ಲಿ ನಮಗೆ ಬೇಕಾದದ್ದು.

ಹಿಂದಿನ ರಾತ್ರಿ ಒಂದು ಲೋಟ ಒಣ ಕಾಳನ್ನು ತುಂಬಾ ನೀರಿನಲ್ಲಿ ನೆನೆಹಾಕಿ. ಮಾರನೇ ದಿನ ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕಾಳು ಬೇಯಿಸಿ. ಕಾಳು ಬೇಯುವಷ್ಟರಲ್ಲಿ ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಹಾಕಿ, ಎರಡು ಮೂರು ಈರುಳ್ಳಿಯನ್ನು ತೆಳ್ಳಗೆ ಹೆಚ್ಚಿ ಸಣ್ಣ ಉರಿಯಲ್ಲಿಡಿ. ಅಡುಗೆ ವಿಡಿಯೊಗಳಲ್ಲಿ ಈರುಳ್ಳಿ ಹತ್ತು ನಿಮಿಷಕ್ಕೆ ಕಂದಾಗಿ ಸಿಹಿಯಾಗುತ್ತದೆ ಅನ್ನುತ್ತಾರೆ. ನಂಬಬೇಡಿ. ನಿಜವಾಗಿ ಮುಕ್ಕಾಲು ಗಂಟೆ ಬೇಕು. ಮೊದಲು ಮೆತ್ತಗಾಗುತ್ತದೆ, ಆಮೇಲೆ ಹೊನ್ನಿನ ಬಣ್ಣ, ಕೊನೆಗೆ ಕಂದು. ತಳ ಹಿಡಿಯುತ್ತಿದೆ ಅನ್ನಿಸಿದರೆ ಒಂದು ಚಮಚ ನೀರು ಚಿಮುಕಿಸಿ ಕೆರೆಯಿರಿ. ಆಮೇಲೆ ಗೆಡ್ಡೆ ತರಕಾರಿ, ಕುಂಬಳ, ಏನು ಸಿಗುತ್ತದೋ ಅದನ್ನು ದಪ್ಪ ಹೋಳು ಮಾಡಿ ಹಾಕಿ, ಬೆಂದ ಕಾಳು ಸೇರಿಸಿ, ನೀರು ಉಪ್ಪು ಹಾಕಿ. ಮುಚ್ಚಿ ಸಣ್ಣ ಉರಿಯಲ್ಲಿ ಇನ್ನೊಂದು ಗಂಟೆ. ಕೊನೆಗೆ ನಿಂಬೆರಸ ಹಿಂಡಿದರೆ ರುಚಿ ಎದ್ದೇಳುತ್ತದೆ. ಮಾರನೇ ದಿನಕ್ಕೆ ಇನ್ನೂ ಚೆನ್ನಾಗಿರುತ್ತದೆ.

ರಾಜ್ಮಾ ಬಳಸುವವರಿಗೆ ಒಂದು ಎಚ್ಚರಿಕೆ. ಹಸಿ ರಾಜ್ಮಾದಲ್ಲಿ ಲೆಕ್ಟಿನ್ ಎಂಬ ವಿಷದ ಅಂಶ ಇದೆ, ವಾಂತಿ ಭೇದಿ ತರುತ್ತದೆ. ಅದು ಹೋಗಬೇಕಾದರೆ ಕುದಿಯುವ ನೀರೇ ಬೇಕು. ನೆನೆಸಿದ ಕಾಳನ್ನು ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ. 30 ನಿಮಿಷ ಕುದಿಸಿದರೆ ಇನ್ನೂ ನಿಶ್ಚಿಂತೆ. ಸ್ಲೋ ಕುಕ್ಕರಿಗೆ ನೇರ ಹಾಕಬೇಡಿ. ಅದರ ಕಡಿಮೆ ಬಿಸಿಯಲ್ಲಿ ಅರೆಬೆಂದ ಕಾಳು ಹಸಿ ಕಾಳಿಗಿಂತಲೂ ಜಾಸ್ತಿ ತೊಂದರೆ ಕೊಡಬಲ್ಲದು. ನಿಧಾನವಾಗಿ ಮಾಡಬಾರದ ಕೆಲಸ ಅಂತ ಇದೊಂದಿದೆ ನೋಡಿ.

ಹಂತ 8: ಉಣ್ಣೆ ಬಟ್ಟೆ ಹೊರಗೆ ತೆಗೆಯಿರಿ

ಪೆಟ್ಟಿಗೆಯಿಂದ ಸ್ವೆಟರು, ಶಾಲು ತೆಗೆದು ಬೆಳಕಿಗೆ ಹಿಡಿದು ನೋಡಿ. ಸಣ್ಣ ತೂತುಗಳಿದ್ದರೆ ಅದು ಬಟ್ಟೆ ತಿನ್ನುವ ಪತಂಗದ ಮರಿಹುಳುಗಳ ಕೆಲಸ. ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ. ಅನುಮಾನ ಇರುವ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ವಾರ ಇಟ್ಟರೆ ಮೊಟ್ಟೆ, ಮರಿಹುಳು ಎರಡೂ ಸಾಯುತ್ತವೆ. ತೊಳೆಯುವುದಾದರೆ ಉಗುರುಬೆಚ್ಚಗಿನ ನೀರು, ಕೈಯಲ್ಲಿ ಹಗುರಾಗಿ ಒತ್ತಿದರೆ ಸಾಕು. ಬಿಸಿನೀರಿನಲ್ಲಿ ತಿಕ್ಕಿದರೆ ಉಣ್ಣೆ ಗಟ್ಟಿಯಾಗಿ ಕುಗ್ಗುತ್ತದೆ. ಹಿಂಡದೆ, ಟವೆಲಿನಲ್ಲಿ ಸುತ್ತಿ ನೀರು ತೆಗೆದು, ಚಪ್ಪಟೆಯಾಗಿ ಹಾಸಿ ಒಣಗಿಸಿ.

ತೂತಿಗೆ ರಫು ಮಾಡುವುದು ಚಳಿಗಾಲದ ಸಂಜೆಗೆ ಹೇಳಿ ಮಾಡಿಸಿದ ಕೆಲಸ. ತೂತಿನ ಕೆಳಗೆ ದುಂಡಗಿನ ಏನನ್ನಾದರೂ ಇಡಿ, ಮರದ ಸೌಟಿನ ಬೆನ್ನು ಆದೀತು. ಬಟ್ಟೆಯಷ್ಟೇ ದಪ್ಪದ ಉಣ್ಣೆ ದಾರ ತೆಗೆದುಕೊಳ್ಳಿ, ತುದಿಗೆ ಗಂಟು ಹಾಕಬೇಡಿ. ತೂತಿನ ಅಂಚಿನಿಂದ ಒಂದು ಸೆಂಟಿಮೀಟರ್ ಆಚೆ, ಗಟ್ಟಿ ಇರುವ ಬಟ್ಟೆಯಿಂದಲೇ ಶುರು ಮಾಡಿ ಸಾಲು ಸಾಲಾಗಿ ಉದ್ದ ಎಳೆಗಳನ್ನು ಹಾಕಿ. ಆಮೇಲೆ ಅಡ್ಡ ತಿರುಗಿಸಿ, ಒಂದು ಎಳೆಯ ಮೇಲೆ, ಇನ್ನೊಂದರ ಕೆಳಗೆ ಅಂತ ನೇಯುತ್ತ ಹೋಗಿ. ಮುಂದಿನ ಸಾಲಿನಲ್ಲಿ ಉಲ್ಟಾ. ಬಿಗಿಯಾಗಿ ಎಳೆದರೆ ಸುಕ್ಕು ಬೀಳುತ್ತದೆ. ಬೇರೆ ಬಣ್ಣದ ದಾರ ಹಾಕಿದರೆ ನನಗಂತೂ ಇನ್ನೂ ಚೆಂದ ಅನ್ನಿಸುತ್ತದೆ.

ಹಂತ 9: ಮಣ್ಣಿನಲ್ಲಿ ಏನಾದರೂ ಇಡಿ

ಚಳಿಗಾಲ ಚೆನ್ನಾಗಿ ಕೊರೆಯುವ ಕಡೆ ಟುಲಿಪ್, ಡ್ಯಾಫೊಡಿಲ್ ಗೆಡ್ಡೆಗಳನ್ನು ಹೂಳುವುದು ಶರತ್ಕಾಲದಲ್ಲೇ. ಅವಕ್ಕೆ ವಾರಗಟ್ಟಲೆ ಚಳಿ ತಾಗದಿದ್ದರೆ ವಸಂತದಲ್ಲಿ ಹೂವು ಸರಿಯಾಗಿ ಬರುವುದಿಲ್ಲ. ಗೆಡ್ಡೆಯ ಎತ್ತರದ ಎರಡು ಮೂರರಷ್ಟು ಆಳ, ಚೂಪು ತುದಿ ಮೇಲೆ. ಬೆಳ್ಳುಳ್ಳಿಯ ಎಸಳನ್ನೂ ಹೀಗೇ ಇಡಬಹುದು, ಸುಮಾರು 5 ಸೆಂಟಿಮೀಟರ್ ಆಳ, 15 ಸೆಂಟಿಮೀಟರ್ ಅಂತರ. ಚಳಿ ಅಷ್ಟಿಲ್ಲದ ಕಡೆ ಕುಂಡದಲ್ಲಿ ಸಣ್ಣ ಮೂಲಂಗಿ ಬಿತ್ತಿ, ಒಂದು ತಿಂಗಳಿಗೆಲ್ಲ ಕೀಳಬಹುದು.

ಬಿದ್ದ ಎಲೆಗಳನ್ನು ಸುಡಬೇಡಿ. ಚೀಲಕ್ಕೆ ತುಂಬಿ, ಒದ್ದೆ ಮಾಡಿ, ನಾಲ್ಕೈದು ತೂತು ಹಾಕಿ ಮೂಲೆಯಲ್ಲಿಟ್ಟರೆ ಒಂದೆರಡು ವರ್ಷದಲ್ಲಿ ಕಪ್ಪಗಿನ ಒಳ್ಳೆ ಎಲೆಗೊಬ್ಬರ. ಸ್ವಲ್ಪ ಎಲೆಯನ್ನು ಪೊದೆಗಳ ಕೆಳಗೆ ಹಾಗೇ ಬಿಡಿ, ಚಳಿಗಾಲ ಕಳೆಯುವ ಹುಳುಗಳಿಗೆ ಮನೆ ಬೇಕಲ್ವಾ.

ಹಂತ 10: ರಾತ್ರಿ ಆಕಾಶ

ಚಳಿ ದೇಶಗಳಲ್ಲಿ ಬೇಸಿಗೆಯಲ್ಲಿ ನಕ್ಷತ್ರ ನೋಡಲು ನಡುರಾತ್ರಿಯವರೆಗೆ ಕಾಯಬೇಕು. ಈಗ ಊಟಕ್ಕೆ ಮೊದಲೇ ಕತ್ತಲು. ಬೆಚ್ಚಗೆ ಹೊದ್ದು ಹೊರಗೆ ಹೋಗಿ, ಕಣ್ಣಿಗೆ 20ರಿಂದ 30 ನಿಮಿಷ ಕೊಡಿ. ಅಷ್ಟು ಹೊತ್ತಿಗೆ ಕಣ್ಣು ಕತ್ತಲಿಗೆ ಒಗ್ಗುತ್ತದೆ. ನಡುವೆ ಒಮ್ಮೆ ಫೋನು ನೋಡಿದರೆ ಮತ್ತೆ ಮೊದಲಿಂದ.

ಉತ್ತರಾರ್ಧ ಗೋಳದಲ್ಲಿ ನವೆಂಬರ್ ಸಂಜೆ ಪೂರ್ವಕ್ಕೆ ನೋಡಿದರೆ ಸಣ್ಣ ಗೊಂಚಲೊಂದು ಕಾಣುತ್ತದೆ. ಅದು ಕೃತ್ತಿಕೆ. ಬರಿಗಣ್ಣಿಗೆ ಆರೇಳು ನಕ್ಷತ್ರ ಕಂಡರೆ ಕಣ್ಣು ಚೆನ್ನಾಗಿದೆ ಅಂತ ಲೆಕ್ಕ. ನಮ್ಮಿಂದ ಸುಮಾರು 440 ಜ್ಯೋತಿರ್ವರ್ಷ ದೂರ. ಅದರ ಕೆಳಗೆ ಕೆಂಪಗಿರುವುದು ರೋಹಿಣಿ. ಇನ್ನೂ ತಡವಾಗಿ, ನವೆಂಬರ್ ಮಧ್ಯದಲ್ಲಿ ಒಂಬತ್ತು ಗಂಟೆಯ ಸುಮಾರಿಗೆ, ಸಾಲಾಗಿ ಮೂರು ನಕ್ಷತ್ರದ ಸೊಂಟಪಟ್ಟಿಯ ಮಹಾವ್ಯಾಧ ಏಳುತ್ತಾನೆ. ಅವನ ಹೆಗಲಲ್ಲಿ ಕೆಂಪಗಿರುವುದು ಆರ್ದ್ರಾ. ಆ ಮೂರು ನಕ್ಷತ್ರದ ಸಾಲನ್ನೇ ಹಿಡಿದು ಕೆಳಗೆ ಹೋದರೆ ಇಡೀ ರಾತ್ರಿ ಆಕಾಶದ ಅತಿ ಪ್ರಕಾಶದ ನಕ್ಷತ್ರ ಲುಬ್ಧಕ ಸಿಗುತ್ತದೆ.

ಉಲ್ಕೆ ನೋಡುವ ಆಸೆ ಇದ್ದರೆ ಡಿಸೆಂಬರ್ 13-14ರ ರಾತ್ರಿಯನ್ನು ಕಾದಿರಿಸಿ. ಜೆಮಿನಿಡ್ ಉಲ್ಕಾವೃಷ್ಟಿ ತುದಿಗೇರುವುದು ಆಗ. ಚಂದ್ರನಿಲ್ಲದ, ಊರ ದೀಪಗಳಿಲ್ಲದ ಕಡೆ ಗಂಟೆಗೆ ನೂರರ ಹತ್ತಿರ ಕಾಣುವುದುಂಟು. ಊರೊಳಗಿಂದ ಹತ್ತು ಹದಿನೈದು ಕಂಡರೂ ಪುಣ್ಯ. ಹೆಚ್ಚಿನ ಉಲ್ಕಾವೃಷ್ಟಿಗಳ ಹಿಂದೆ ಧೂಮಕೇತು ಇರುತ್ತದೆ. ಇದರ ಧೂಳು ಮಾತ್ರ ಫೀಥಾನ್ ಎಂಬ ಕ್ಷುದ್ರಗ್ರಹದ್ದು. ದಕ್ಷಿಣಾರ್ಧ ಗೋಳದವರಿಗೆ ಮೇ 5-6ರ ನಸುಕಿನಲ್ಲಿ ಹ್ಯಾಲಿ ಧೂಮಕೇತುವಿನ ಧೂಳಿನಿಂದ ಬರುವ ಈಟಾ ಅಕ್ವೇರಿಡ್ ಇದೆ. ಮೇ ಸಂಜೆಗಳಲ್ಲಿ ಅಲ್ಲಿ ತ್ರಿಶಂಕು ನಕ್ಷತ್ರಪುಂಜವೂ ಎತ್ತರದಲ್ಲಿರುತ್ತದೆ. ದುರ್ಬೀನು ಬೇಡ. ಮಲಗಿಕೊಂಡು ನೋಡಿ, ಕತ್ತು ನೋಯುವುದಿಲ್ಲ.

ಮನಸ್ಸು ಮಂಕಾದರೆ

ಈ ಕಾಲದಲ್ಲಿ ನಿದ್ದೆ ಸ್ವಲ್ಪ ಜಾಸ್ತಿ, ಉತ್ಸಾಹ ಸ್ವಲ್ಪ ಕಡಿಮೆ ಆಗುವುದು ಸಹಜ. ಆದರೆ ವಾರಗಟ್ಟಲೆ ಏನೂ ಬೇಡ ಅನ್ನಿಸಿದರೆ, ಕೆಲಸ ಮಾಡಲಾಗದಷ್ಟು ಭಾರವಾದರೆ, ಅದು ನಿಧಾನ ಅಲ್ಲ, ಕಾಯಿಲೆ ಇರಬಹುದು. ಋತುವಿಗೆ ಸರಿಯಾಗಿ ಬಂದುಹೋಗುವ ಈ ಖಿನ್ನತೆಯನ್ನು ಮನೋವೈದ್ಯ ನಾರ್ಮನ್ ರೋಸೆಂತಾಲ್ ಮತ್ತು ಜೊತೆಗಾರರು 1984ರಲ್ಲಿ ವಿವರಿಸಿದರು. ಬೆಳಗ್ಗೆ 10,000 ಲಕ್ಸ್‌ನ ದೀಪದ ಮುಂದೆ ಅರ್ಧ ಗಂಟೆ ಕೂರುವುದು ಅದಕ್ಕೆ ಕೊಡುವ ಚಿಕಿತ್ಸೆಗಳಲ್ಲಿ ಒಂದು. ಕಣ್ಣಿನ ತೊಂದರೆ ಇದ್ದವರು, ಬೈಪೋಲಾರ್ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊಯ್ದಾಡುವ ಕಾಯಿಲೆ) ಇರುವವರು ತಾವಾಗಿ ಶುರು ಮಾಡಬಾರದು. ಯಾರಾದರೂ ಸರಿ, ಮೊದಲು ಡಾಕ್ಟರನ್ನು ಕಾಣಿ.

ಸಂಜೆ ಬಿಡುವೇ ಇಲ್ಲದವರು

ಪಾಳಿ ಕೆಲಸದವರು, ಸಣ್ಣ ಮಕ್ಕಳ ತಂದೆ ತಾಯಿ, ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುವವರು ಒಂದು ಗಂಟೆ ಎಲ್ಲಿಂದ ತರುವುದು ಅಂತ ಕೇಳಬಹುದು. ನ್ಯಾಯವಾದ ಪ್ರಶ್ನೆ. ಇವರು ಸಂಜೆಯ ಬದಲು ನಸುಕನ್ನು ಹಿಡಿಯಬಹುದು. ಈ ಕಾಲದಲ್ಲಿ ಸೂರ್ಯ ತಡವಾಗಿ ಏಳುವುದರಿಂದ ಮಾಮೂಲಿ ಹೊತ್ತಿಗೆ ಎದ್ದರೂ ನಸುಕು ಸಿಗುವ ಸಾಧ್ಯತೆ ಹೆಚ್ಚು. ಅದೂ ಆಗದಿದ್ದರೆ ಬಸ್ಸಿನಲ್ಲೋ ರೈಲಿನಲ್ಲೋ ಮನೆಗೆ ಬರುವಾಗ ಕಿಟಕಿ ಪಕ್ಕ ಕೂತು, ಫೋನು ಚೀಲದೊಳಗಿಟ್ಟು, ಕತ್ತಲಾಗುವುದನ್ನು ನೋಡಿ. ಮಗು ಎತ್ತಿಕೊಂಡೇ ಇರಬೇಕಾದವರು ಕಿಟಕಿಯ ಬಳಿ ನಿಂತು ಮಗುವಿಗೂ ತೋರಿಸಬಹುದು. ಹಂತ 2ರ ಗೆರೆ ಎಳೆಯುವ ಕೆಲಸ ಮಾತ್ರ ಇವರಿಗೇ ಎಲ್ಲರಿಗಿಂತ ಜಾಸ್ತಿ ಬೇಕು, ಮತ್ತು ಅದನ್ನು ಒಬ್ಬರೇ ಕೂತು ಮಾಡಬಾರದು. ಮನೆಯ ಬೇರೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಕೆಲಸ ಯಾರು ತೆಗೆದುಕೊಳ್ಳುತ್ತಾರೆ ಅನ್ನುವುದನ್ನು ಅದೇ ಹಾಳೆಯ ಮೇಲೆ ಹೆಸರು ಹಾಕಿ ಬರೆಯಿರಿ.